ನಾಲ್ಕು ಸುತ್ತಿಗೆ ಒಂದು

ಇನಾಸ್ ಮೇಷ್ಟ್ರಿಗಿಂತ ಮೊದಲು ಅವರ ಕೊಡೆಯ ಸದ್ದು ಬರುತ್ತಿತ್ತು. ಕಪ್ಪು ಬಟ್ಟೆಯ, ಬಾಗಿದ ಹಿಡಿಕೆಯ ಊರಿನ ಕೊಡೆ. ಹಿಡಿಕೆಗೆ ಕೆಂಪು ದಾರದಲ್ಲಿ ಒಂದು ಕಪ್ಪೆಚಿಪ್ಪು ಕಟ್ಟಿದ್ದರು. ಅವರು ಅದನ್ನು ಬಿಚ್ಚಿ ತಲೆಯ ಮೇಲೆ ಹಿಡಿದದ್ದನ್ನು ನಾನು ನೋಡಿದ್ದು ಕಡಿಮೆ. ಅಮೆರಿಕಾದ ವಾಲ್ನಟ್ ಕ್ರೀಕಿನಲ್ಲಿ ವರ್ಷದ ಅರ್ಧ ಭಾಗ ಆಕಾಶ ಒಂದು ಹನಿ ಉದುರಿಸುವುದಿಲ್ಲ. ಮಡಚಿದ ಕೊಡೆಯನ್ನು ಊರಿಕೊಂಡು ಮೇಷ್ಟ್ರು ನಮ್ಮ ಅಪಾರ್ಟ್‌ಮೆಂಟಿನ ಸುತ್ತ ನಡೆಯುತ್ತಿದ್ದರು. ಹೆಜ್ಜೆಗೊಮ್ಮೆ ಚಿಪ್ಪು ಕೋಲಿಗೆ ಬಡಿದು ಟಕ್ ಎನ್ನುತ್ತಿತ್ತು. ಬೆಳಿಗ್ಗೆ ಒಂಬತ್ತಕ್ಕೆ ಶುರುವಾದ ಸದ್ದು ನಿಲ್ಲುವಾಗ ಹತ್ತೂಕಾಲು ದಾಟಿರುತ್ತಿತ್ತು.

ಅದನ್ನು ಕೇಳುತ್ತ ಕೂರಲು ನನಗೆ ಬೇಕಾದಷ್ಟು ಪುರುಸೊತ್ತಿತ್ತು. ಎಂಬತ್ತರ ದಶಕದ ನಡುವೆ ಮದುವೆಯಾಗಿ ಮೈಸೂರಿನಿಂದ ಬಂದಿದ್ದೆ. ಅಲ್ಲಿ ಲೈಬ್ರರಿಯಲ್ಲಿ ಕೆಲಸವಿತ್ತು, ಓಡಾಡಲು ಸೈಕಲ್ಲಿತ್ತು. ಇಲ್ಲಿ ನನ್ನದು ಗಂಡನ ವೀಸಾಕ್ಕೆ ಅಂಟಿಕೊಂಡ ವೀಸಾ, ಕೆಲಸ ಮಾಡುವ ಹಾಗಿಲ್ಲ. ಇದ್ದ ಒಂದೇ ಕಾರನ್ನು ರಘು ಹತ್ತಿರದ ಡಬ್ಲಿನ್ ಎಂಬ ಊರಿನ ಆಫೀಸಿಗೆ ತೆಗೆದುಕೊಂಡು ಹೋದರೆ ಸಂಜೆಯವರೆಗೆ ನಾನು ಮತ್ತು ನಾಲ್ಕು ಗೋಡೆ. ಅಡುಗೆಮನೆಯ ಕಿಟಕಿಯಿಂದ ಫ್ರೀವೇ ಕಾಣುತ್ತಿತ್ತು. ಅದರ ಮೇಲೆ ಲೋಕವೆಲ್ಲ ಎಲ್ಲಿಗೋ ಹೋಗುತ್ತಿತ್ತು. ನಾನು ಹೋಗುತ್ತಿದ್ದುದು ಲಾಂಡ್ರಿ ರೂಮಿಗೆ. ಆ ವರ್ಷ ನನಗೆ ಎಲ್ಲರ ಮೇಲೂ ಸಿಟ್ಟಿತ್ತು, ಬಟ್ಟೆ ಒಣಗಿಸುವ ಮಷೀನಿನ ಮೇಲೂ.

ಮೇಷ್ಟ್ರ ಪರಿಚಯವಾದದ್ದು ಅವರ ಮೇಲೆ ದೂರು ಬಂದಾಗ. ಮೆಟ್ಟಿಲ ಕೆಳಗಿನ ಕಬ್ಬಿಣದ ಕಂಬಿಯ ಎಡತುದಿಗೆ ಯಾರೋ ಹತ್ತು ಬಟ್ಟೆ ಕ್ಲಿಪ್ಪು ಸಿಕ್ಕಿಸಿರುತ್ತಿದ್ದರು. ಗಂಟೆ ಕಳೆದು ನೋಡಿದರೆ ಹತ್ತೂ ಬಲತುದಿಯಲ್ಲಿ ಇರುತ್ತಿದ್ದವು. ಹೊರಗೆ ಬಟ್ಟೆ ಒಣಹಾಕಬಾರದೆಂಬ ನಿಯಮವಿದ್ದ ಜಾಗ ಅದು. ಮ್ಯಾನೇಜರು ಬಾರ್ಬರಾ ನನ್ನನ್ನು ಕರೆದು, ನಿಮ್ಮ ದೇಶದ ಮುದುಕರು ದಿನಾ ಎಲ್ಲರ ಕಿಟಕಿ ಮುಂದೆ ಗಿರಕಿ ಹೊಡೆಯುತ್ತಾರೆ, ಕ್ಲಿಪ್ಪಿಡುತ್ತಾರೆ, ಬಟ್ಟೆ ಮಾತ್ರ ಹಾಕುವುದಿಲ್ಲ, ಏನಿದು ಕೇಳಿ ಎಂದಳು. ನಮ್ಮ ದೇಶದವರು ಎನ್ನುವ ಒಂದೇ ಕಾರಣಕ್ಕೆ ನಾನು ದುಭಾಷಿಯಾದೆ.

ಎದುರು ಬ್ಲಾಕಿನ ಮೇಲಿನ ಮನೆಯಲ್ಲಿದ್ದ ನರ್ಸ್ ಲಿಲ್ಲಿಯ ತಂದೆ ಅವರು. ಮಂಗಳೂರಿನಿಂದ ಬಸ್ಸಿನಲ್ಲಿ ಒಂದು ತಾಸು ದೂರದ ಊರಿನ ಕ್ರಿಶ್ಚಿಯನ್ನರು, ಮನೆಮಾತು ಕೊಂಕಣಿ. ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಚರಿತ್ರೆ ಪಾಠ ಮಾಡಿ ರಿಟೈರಾಗಿ, ಹೆಂಡತಿ ತೀರಿಕೊಂಡ ಮೇಲೆ ಮಗಳ ಬಳಿ ಬಂದಿದ್ದರು. ಕನ್ನಡ ಕೇಳಿದ್ದೇ ಮುಖ ಅರಳಿತು.

"ಮೈಸೂರಾ? ಒಳ್ಳೆಯದಾಯಿತು. ಆ ಹೆಂಗಸಿಗೆ ಹೇಳು, ನಾನು ಸ್ಪೇನಿಗೆ ಹೋಗ್ತಾ ಇದ್ದೇನೆ ಅಂತ."

"ಯಾವಾಗ ಹೊರಡ್ತೀರಾ ಮೇಷ್ಟ್ರೇ?"

"ಹೊರಟು ಹನ್ನೊಂದು ದಿನ ಆಯಿತಲ್ಲ ಮಾರಾಯ್ತಿ. ನಿನ್ನೆ ಬೆಟ್ಟ ಇಳಿದೆ."

ಇದನ್ನು ಇಂಗ್ಲಿಷಿಗೆ ಹೇಗೆ ಹೇಳುವುದೆಂದು ತೋಚದೆ, ವ್ಯಾಯಾಮ ಮಾಡುತ್ತಾರಂತೆ ಎಂದು ಬಿಟ್ಟೆ. ಮೇಷ್ಟ್ರು ತಮ್ಮ ಪಾಠದ ಇಂಗ್ಲಿಷಿನಲ್ಲಿ ನನ್ನನ್ನು ತಿದ್ದಿ ಬಾರ್ಬರಾಳಿಗೆ ಪೂರ್ತಿ ವಿವರಿಸಿದರು. ಅವಳು ಸೊಂಟದ ಮೇಲೆ ಕೈಯಿಟ್ಟು ಕೇಳಿದಳು. ಮಾರನೆಯ ದಿನದಿಂದ ಕ್ಲಿಪ್ಪಿನ ತಂಟೆಗೆ ಬರಲಿಲ್ಲ. ಎದುರಾದಾಗಲೆಲ್ಲ, ಇವತ್ತು ಎಲ್ಲಿಗೆ ಮುಟ್ಟಿದಿರಿ ಎಂದು ಕೇಳುವುದನ್ನು ಅಭ್ಯಾಸ ಮಾಡಿಕೊಂಡಳು.

ಅವರು ವಿವರಿಸಿದ್ದು ಇಷ್ಟು. ಯೇಸುವಿನ ಶಿಷ್ಯ ಯಾಕೋಬರ ಸಮಾಧಿ ಸ್ಪೇನಿನ ಪಡುವಣ ಮೂಲೆಯಲ್ಲಿದೆ ಎಂದು ನಂಬಿಕೆ. ಹತ್ತಿರಹತ್ತಿರ ಸಾವಿರದ ಇನ್ನೂರು ವರ್ಷಗಳ ಹಿಂದೆ ಒಬ್ಬ ಸನ್ಯಾಸಿಗೆ ಒಂದು ಬಯಲಿನ ಮೇಲೆ ನಕ್ಷತ್ರಗಳ ಬೆಳಕು ಕಂಡಿತಂತೆ, ಅಗೆದರೆ ಗೋರಿ ಸಿಕ್ಕಿತಂತೆ. ಅಲ್ಲಿಂದ ಸಾಂತಿಯಾಗೊ ಎಂಬ ಊರು ಬೆಳೆಯಿತು. ಯುರೋಪಿನ ಮೂಲೆಮೂಲೆಯಿಂದ ಜನ ನಡೆದು ಬಂದರು. ಫ್ರಾನ್ಸಿನ ಗಡಿಯಲ್ಲಿ ಪಿರೆನೀಸ್ ಬೆಟ್ಟ ಹತ್ತಿಳಿದು, ಪಾಂಪ್ಲೋನಾ, ಬುರ್ಗೋಸ್, ಲಿಯೋನ್ ದಾಟಿ ಹೋಗುವುದು ಮುಖ್ಯ ದಾರಿ, ಏಳುನೂರ ಎಂಬತ್ತು ಕಿಲೋಮೀಟರು. ಹೋಗಿ ಬಂದ ಗುರುತಿಗೆ ಯಾತ್ರಿಕರು ಚಿಪ್ಪು ಧರಿಸುತ್ತಿದ್ದರು. ಮೇಷ್ಟ್ರ ಚಿಪ್ಪು ಅವರ ಊರಿನ ಕಡಲ ದಂಡೆಯದು.

"ಜಾತಿ ಬೇರೆ ಚಿಪ್ಪು. ಹೋಗುವ ಮೊದಲೇ ಕಟ್ಟಿಕೊಂಡದ್ದು ಬೇರೆ ತಪ್ಪು. ಯಾಕೋಬರು ಮೀನು ಹಿಡಿಯುವವರು, ಅವರಿಗೆ ಅರ್ಥ ಆಗ್ತದೆ," ಎಂದರು.

ಅವರ ಜೊತೆ ನಡೆಯುವುದು ನನಗೂ ಅಭ್ಯಾಸವಾಯಿತು. ಕಾರು ನಿಲ್ಲಿಸುವ ಸಾಲಿನ ಬಳಿಯ ಏರು ಅವರಿಗೆ ಪಿರೆನೀಸ್. ಈಜುಕೊಳದ ಬೇಲಿ ಬಂದರೆ ನದಿ. ಲಾಂಡ್ರಿ ರೂಮಿನ ಮುಂದಿನ ಬೆಂಚು ಯಾತ್ರಿಕರ ಛತ್ರ, ಅಲ್ಲಿ ಎರಡು ನಿಮಿಷ ಕೂರಲೇಬೇಕು. ಪ್ರತಿ ಸುತ್ತು ಮುಗಿದಾಗ ಒಂದು ಕ್ಲಿಪ್ಪನ್ನು ಎಡದಿಂದ ಬಲಕ್ಕೆ ಸರಿಸುತ್ತಿದ್ದರು. ದಿನಕ್ಕೆ ಹತ್ತು ಸುತ್ತು. ಸುತ್ತಿನ ಅಳತೆಯನ್ನು ಲಿಲ್ಲಿ ತನ್ನ ಕಾರು ಓಡಿಸಿ ಹೇಳಿದ್ದಳು, ನಾಲ್ಕು ಸುತ್ತಿಗೆ ಸರಿಯಾಗಿ ಒಂದು. ಹತ್ತು ಸುತ್ತೆಂದರೆ ಎರಡೂವರೆ ಕಿಲೋಮೀಟರು. ಮೊಣಕಾಲು ನೋವಿನ ಅಪ್ಪನಿಗೆ ಅವಳು ಕೊಟ್ಟ ಅಪ್ಪಣೆಯೂ ಅಷ್ಟೇ, ಎರಡೂವರೆ ಕಿಲೋಮೀಟರಿಗಿಂತ ಒಂದು ಹೆಜ್ಜೆ ಹೆಚ್ಚು ಇಲ್ಲ. ಸಂಜೆ ಊರಿನ ಚರ್ಚಿನ, ಅವರ ಮಾತಿನಲ್ಲಿ ಇಗರ್ಜಿಯ, ಹಳೆಯ ಕ್ಯಾಲೆಂಡರಿನ ಹಿಂಬದಿಗೆ ಗೆರೆ ಎಳೆದು ಒಟ್ಟು ಬರೆಯುತ್ತಿದ್ದರು.

ದಾರಿಯುದ್ದಕ್ಕೂ ಪಾಠ. ಹೊಳೆ ದಾಟಲಾಗದೆ ಯಾತ್ರಿಕರು ಒದ್ದಾಡುವುದನ್ನು ಕೇಳಿ ರಾಣಿಯೊಬ್ಬಳು ಸೇತುವೆ ಕಟ್ಟಿಸಿದ್ದು. ಡೊಮಿಂಗೊ ಎಂಬವನನ್ನು ಓದು ತಲೆಗೆ ಹತ್ತುವುದಿಲ್ಲವೆಂದು ಮಠದವರು ಸೇರಿಸಿಕೊಳ್ಳದೆ ಹೋದದ್ದು, ಅವನು ಕಾಡು ಕಡಿದು ಯಾತ್ರಿಕರಿಗೆ ರಸ್ತೆ ಮಾಡಿದ್ದು. "ನನ್ನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಅಂಥವರು ಎಷ್ಟು ಜನ ಇದ್ದರು ಗೊತ್ತುಂಟಾ? ನಾನು ಬೈದೆ. ಈಗ ನೆನೆಸಿದರೆ ನಾಚಿಕೆ ಆಗ್ತದೆ," ಎಂದರು.

ಒಂದು ವಿಷಯ ಮಾತ್ರ ಅವರಿಗೆ ಅರ್ಥವಾಗುತ್ತಿರಲಿಲ್ಲ. "ಊರಿನಲ್ಲಿ ಮೂರು ಕಿಲೋಮೀಟರು ಶಾಲೆಗೆ ಮುಕ್ಕಾಲು ಗಂಟೆಯಲ್ಲಿ ಹೋಗ್ತಿದ್ದೆ. ಇಲ್ಲಿ ಎರಡೂವರೆಗೆ ಒಂದೂಕಾಲು ಗಂಟೆ. ಹೀಗೂ ಮುದುಕ ಆಗುವುದುಂಟಾ?" ಎಂದು ಬೆಂಚಿನ ಮೇಲೆ ಏದುಸಿರು ಬಿಡುತ್ತಿದ್ದರು. ಇಲ್ಲಿನ ಗಾಳಿ ಒಣ ಮೇಷ್ಟ್ರೇ ಎಂದು ನಾನು ಸಮಾಧಾನ ಹೇಳುತ್ತಿದ್ದೆ. ಸುಮ್ಮನೆ ಬಾಯಿಗೆ ಬಂದದ್ದು.

ಒಮ್ಮೆ ಆ ದಾರಿಯ ಪುಸ್ತಕ ತರಲು ಇಬ್ಬರೂ ಪೇಟೆಯ ಲೈಬ್ರರಿಗೆ ಹೊರಟೆವು. ಒಂದು ಮೈಲಿ ಆಗಬಹುದು ಎಂದೆ. ಮೇಷ್ಟ್ರು ಅಲ್ಲೇ ನಿಂತರು.

"ಒಂದು ಪಾಯಿಂಟ್ ಆರು ಕಿಲೋಮೀಟರು ಅಂತ ಹೇಳು. ಸರಕಾರ ಮೈಲಿ ತೆಗೆದ ಮೇಲೂ ಮೈಲಿ ಅಂದ ಹುಡುಗರನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದೇನೆ."

"ಇದು ಅಮೆರಿಕಾ ಮೇಷ್ಟ್ರೇ, ಇಲ್ಲಿನ್ನೂ ಮೈಲೀನೇ."

"ಅವರು ಏನು ಬೇಕಾದರೂ ಅನ್ನಲಿ. ನಾನು ಕಲಿಸಿದ್ದು ಕಿಲೋಮೀಟರು."

ಆರು ಸಾಲು ಕಾರುಗಳ ರಸ್ತೆಯ ಬದಿಯಲ್ಲಿ ನಡೆಯುತ್ತಿದ್ದವರು ನಾವಿಬ್ಬರೇ. ಸೀರೆಯ ಮೇಲೆ ಸ್ವೆಟರ್ ಹಾಕಿದ ನಾನು, ಕೋಟು ಚಪ್ಪಲಿ ಕೊಡೆಯ ಮೇಷ್ಟ್ರು. ಪೊಲೀಸ್ ಕಾರೊಂದು ನಿಧಾನವಾಗಿ ಬಂದು ಪಕ್ಕದಲ್ಲಿ ನಿಂತಿತು. ದಾರಿ ತಪ್ಪಿದಿರಾ ಎಂದು ಆ ಹುಡುಗ ಮರ್ಯಾದೆಯಿಂದಲೇ ಕೇಳಿದ. ನಾನು ಮೇಷ್ಟ್ರ ಹಿಂದೆ ಸರಿದೆ. ಮೇಷ್ಟ್ರು, ಇಲ್ಲ ಸರ್, ನಾವು ನಡೆಯುತ್ತಿದ್ದೇವೆ ಅಷ್ಟೇ ಎಂದರು. ಅವನಿಗೆ ಅದು ಪೂರ್ತಿ ನಂಬಿಕೆಯಾಗಲಿಲ್ಲ, ಲೈಬ್ರರಿಯ ಬಾಗಿಲವರೆಗೂ ಹಿಂದೆಯೇ ಬಂದ.

ವಾಪಸು ಬರುವಾಗ, ಸುತ್ತು ಹಾಕುವ ಬದಲು ವಿಮಾನ ಹತ್ತಿ ಸ್ಪೇನಿಗೇ ಹೋಗಬಾರದೇಕೆ, ಲಿಲ್ಲಿ ಟಿಕೆಟ್ ತೆಗೆಸುವುದಿಲ್ಲವೇ ಎಂದು ಕೇಳಿಬಿಟ್ಟೆ. ಮೇಷ್ಟ್ರು ಕೊಡೆಯ ತುದಿಯಿಂದ ಫುಟ್‌ಪಾತಿನ ಬಿರುಕನ್ನು ಕೆದಕಿದರು. ಅವರನ್ನು ಇಲ್ಲೇ ಉಳಿಸಿಕೊಳ್ಳಲು ಲಿಲ್ಲಿ ಗ್ರೀನ್ ಕಾರ್ಡಿಗೆ ಅರ್ಜಿ ಹಾಕಿದ್ದಳು. ಅದು ಯಾವುದೋ ಆಫೀಸಿನಲ್ಲಿ ಕೂತಿತ್ತು. ಇತ್ಯರ್ಥವಾಗುವ ಮೊದಲು ದೇಶ ಬಿಟ್ಟರೆ ಅರ್ಜಿ ಬಿದ್ದುಹೋಗುತ್ತದೆ ಎಂದು ವಕೀಲರು ಹೆದರಿಸಿದ್ದರು.

"ಆ ಕಾಲದಲ್ಲಿ ಕೆಲವು ಕೋರ್ಟುಗಳು ತಪ್ಪು ಮಾಡಿದವನನ್ನು ಜೈಲಿಗೆ ಹಾಕದೆ ಯಾತ್ರೆಗೆ ಅಟ್ಟುತ್ತಿದ್ದವು, ಸಾಂತಿಯಾಗೊಕ್ಕೆ ನಡೆದು ಹೋಗಿ ಬಾ ಅಂತ. ನನ್ನದು ಉಲ್ಟಾ ನೋಡು. ಯಾತ್ರೆಗೆ ಹೊರಟವನಿಗೆ ಜೈಲು."

"ಅಷ್ಟು ಆಸೆ ಇದ್ದರೆ ಲಿಲ್ಲಿಗೆ ಹೇಳಿ."

"ಆಸೆ ಅಲ್ಲ, ಹರಕೆ. ಅವಳಿಗೆ ಹೇಳ್ಲಿಕ್ಕಿಲ್ಲ."

ಲಿಲ್ಲಿಗೆ ಒಂಬತ್ತು ವರ್ಷವಿದ್ದಾಗ ಟೈಫಾಯ್ಡ್ ಬಂದಿತ್ತಂತೆ. ಹದಿನೆಂಟನೆಯ ದಿನ ಡಾಕ್ಟರು ಕೈ ಚೆಲ್ಲಿದರು. ಊರಿನ ಮಿಕ್ಕವರು ಮೇಣದ ಬತ್ತಿಯನ್ನೋ ಬೆಳ್ಳಿಯ ಶಿಲುಬೆಯನ್ನೋ ಹರಕೆ ಹೇಳುತ್ತಿದ್ದರು. ಆ ವಾರ ಹತ್ತನೇ ಕ್ಲಾಸಿಗೆ ಮಧ್ಯಯುಗದ ಯುರೋಪಿನ ಪಾಠ ಮಾಡುತ್ತಿದ್ದ ಇವರ ಬಾಯಿಗೆ ಬಂದದ್ದು ಯಾಕೋಬರ ದಾರಿ. ಮಗು ಉಳಿದರೆ ಪೂರ್ತಿ ನಡೆಯುತ್ತೇನೆ ಎಂದುಬಿಟ್ಟರು. ಮಗು ಉಳಿಯಿತು. ಮೇಷ್ಟ್ರ ಸಂಬಳದಲ್ಲಿ ಸ್ಪೇನು ಎಲ್ಲಿಂದ ಬರಬೇಕು. "ಮೇಣದ ಬತ್ತಿ ಸಾಕಿತ್ತಲ್ಲ ಅಂತ ನನ್ನ ಹೆಂಡತಿ ಸಾಯುವವರೆಗೆ ಹೇಳಿದಳು," ಎಂದರು. ಈಗ ಲಿಲ್ಲಿಗೆ ಗೊತ್ತಾದರೆ ಅರ್ಜಿ ಹರಿದು ಹಾಕಿ ಅಪ್ಪನನ್ನು ವಿಮಾನ ಹತ್ತಿಸುತ್ತಾಳೆ, ಮತ್ತೆ ಈ ದೇಶಕ್ಕೆ ಬರಲಿಕ್ಕಾಗದೆ ಅಪ್ಪ ಆಚೆ, ಮಗಳು ಈಚೆ. ಅದಕ್ಕೇ ಈ ಸುತ್ತು. ಸತ್ತ ಮೇಲೆ ಯಾಕೋಬರು ಕೇಳಿದರೆ, ಕಾಲು ಇಲ್ಲಿ ಸವೆಸಿದೆ, ಲೆಕ್ಕ ಸರಿ ಇದೆ ನೋಡಿ ಎಂದು ಕ್ಯಾಲೆಂಡರು ತೋರಿಸುವುದು ಅವರ ಯೋಚನೆ. ಹೇಳುವಾಗ ನಕ್ಕರು, ಆದರೆ ತಮಾಷೆಯಾಗಿರಲಿಲ್ಲ. ಏಳುನೂರ ಎಂಬತ್ತು ಮುಗಿಯುವವರೆಗೆ ಕಾಲು ನಿಲ್ಲಬೇಕು ಎನ್ನುವುದೊಂದೇ ಅವರ ಚಿಂತೆ.

ಚಳಿಗಾಲದ ಮಳೆಯಲ್ಲಿ ಕೊಡೆ ಬಿಚ್ಚಿ ನಡೆದರು. ವಸಂತದಲ್ಲಿ ಬುರ್ಗೋಸ್ ದಾಟಿದೆವು. ಅಲ್ಲಿಂದ ಲಿಯೋನಿನವರೆಗೆ ಮರವಿಲ್ಲದ ಬಟ್ಟಬಯಲು, ಎಷ್ಟು ನಡೆದರೂ ನಡೆದ ಹಾಗೆ ಕಾಣುವುದಿಲ್ಲವಂತೆ. ಅದನ್ನು ನನಗೆ ಬೇರೆ ಯಾರೂ ಹೇಳಬೇಕಿರಲಿಲ್ಲ. ನನ್ನ ದಿನಗಳೂ ಹಾಗೇ ಇದ್ದವು. ಆದರೂ ಒಂಬತ್ತು ಗಂಟೆಗೆ ಟಕ್ ಎಂದರೆ ನಾನು ಚಪ್ಪಲಿ ಮೆಟ್ಟಿ ಇಳಿಯುತ್ತಿದ್ದೆ. ಆ ಮುದುಕರಿಲ್ಲದಿದ್ದರೆ ಆ ವರ್ಷ ನನಗೆ ತಲೆ ಕೆಡುತ್ತಿತ್ತು, ಇದನ್ನು ಅವರಿಗೆ ಹೇಳಬೇಕಿತ್ತು, ಹೇಳಲಿಲ್ಲ.

ಜೂನಿನಲ್ಲಿ ಒಂದು ಬೆಳಿಗ್ಗೆ ಹತ್ತನೆಯ ಕ್ಲಿಪ್ಪು ಸರಿಸಿದವರು ಮೆಟ್ಟಿಲು ಹತ್ತಲಾಗದೆ ಕಂಬಿ ಹಿಡಿದು ಕೂತರು. ಮೊಣಕಾಲು ತೆಂಗಿನಕಾಯಿಯ ಗಾತ್ರಕ್ಕೆ ಊದಿತ್ತು. ಡಾಕ್ಟರು ಇನ್ನು ನಡಿಗೆ ಸಾಕು ಎಂದರು. ಲಿಲ್ಲಿ ಕೆಲಸಕ್ಕೆ ಹೋದ ಮೇಲೆ ಅವರು ಮೇಲಿನ ಮನೆಯಲ್ಲಿ ಕುರ್ಚಿಯ ಮೇಲೆ ಒಬ್ಬರೇ. ಮೆಟ್ಟಿಲಿಳಿಯುವ ಹಾಗಿಲ್ಲ. ದೇಶದೊಳಗೆ ಸಿಕ್ಕಿಕೊಂಡಿದ್ದವರು ಈಗ ಒಂದು ಕೋಣೆಯೊಳಗೆ ಸಿಕ್ಕಿಕೊಂಡರು. ನಾನು ಗಂಜಿ ತೆಗೆದುಕೊಂಡು ಹೋದರೆ ಕ್ಯಾಲೆಂಡರನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ನೂರ ತೊಂಬತ್ತೆಂಟು ದಿನ, ಸಾವಿರದ ಒಂಬೈನೂರ ಎಂಬತ್ತು ಸುತ್ತು, ನಾನೂರ ತೊಂಬತ್ತೈದು ಕಿಲೋಮೀಟರು.

"ಲಿಯೋನ್ ದಾಟಿದ ಮೇಲೆ ಇಪ್ಪತ್ತು ಕಿಲೋಮೀಟರು ಬಂದೆ. ಇನ್ನೊಂದು ನೂರು ನಡೆದಿದ್ದರೆ ವಿಲ್ಲಾಫ್ರಾಂಕಾ. ಅಲ್ಲಿನ ಇಗರ್ಜಿಗೆ ಕ್ಷಮೆಯ ಬಾಗಿಲು ಅಂತ ಒಂದು ಬಾಗಿಲುಂಟು. ಕಾಯಿಲೆ ಬಿದ್ದು ಮುಂದೆ ಹೋಗ್ಲಿಕ್ಕೆ ಆಗದವನು ಆ ಬಾಗಿಲು ಮುಟ್ಟಿದರೆ ಸಾಂತಿಯಾಗೊ ಮುಟ್ಟಿದ ಹಾಗೆ, ಅಷ್ಟೇ ಪುಣ್ಯ. ಅದಕ್ಕೂ ಆಗಲಿಲ್ಲ."

ಚರಿತ್ರೆ ಮೇಷ್ಟ್ರು ಅಳುವುದನ್ನು ನಾನು ಮೊದಲ ಸಲ ನೋಡಿದೆ. ಗಂಜಿಯ ಬಟ್ಟಲು ಕೈಯಲ್ಲಿ ಹಿಡಿದುಕೊಂಡು ನಿಂತೆ.

ಅದೇ ವಾರದ ಶನಿವಾರ ರಘು ನನಗೆ ಕಾರು ಕಲಿಸಲು ಹೊರಟ. ವರ್ಷದಿಂದ ಕಾಡಿದ್ದೆ. ಕಾಂಪೌಂಡಿನೊಳಗೇ ಸುತ್ತು ಹಾಕು ಎಂದ. ಮೇಷ್ಟ್ರ ದಾರಿಯಲ್ಲೇ, ಮೇಷ್ಟ್ರ ವೇಗದಲ್ಲೇ ನಾಲ್ಕು ಸುತ್ತು ಹಾಕಿದೆ. ಸ್ಟೀರಿಂಗಿನ ಹಿಂದಿನ ಅಂಕಿ ಉರುಳಿತು.

"ಕಂಗ್ರಾಜುಲೇಷನ್ಸು. ಅರ್ಧ ಗಂಟೆಗೆ ಒಂದು ಮೈಲಿ ಓಡಿಸಿದೀಯ," ಎಂದ ರಘು.

"ಒಂದು ಏನು?"

"ಮೈಲಿ ಕಣೆ. ಈ ದೇಶದಲ್ಲಿ ಕಾರು ಇನ್ನೇನು ತೋರಿಸತ್ತೆ?"

ಬ್ರೇಕಿನ ಮೇಲೆ ಕಾಲಿಟ್ಟೆ, ರಘು ಮುಂದಕ್ಕೆ ಮುಗ್ಗರಿಸಿದ. ನಾಲ್ಕು ಸುತ್ತಿಗೆ ಒಂದು. ಲಿಲ್ಲಿ ಹೇಳಿದ್ದು ಅಷ್ಟೇ, ಒಂದು ಏನು ಎಂದು ಅವಳೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಇಲ್ಲೇ ವರ್ಷಗಟ್ಟಲೆ ಇದ್ದ ಅವಳಿಗೆ ಕಾರಿನ ಅಂಕಿ ಒಂದು ಎಂದರೆ ಮೈಲಿ. ಮೇಷ್ಟ್ರ ತಲೆಯಲ್ಲಿ ಕಿಲೋಮೀಟರು ಬಿಟ್ಟು ಬೇರೆ ಅಳತೆಗೆ ಜಾಗವೇ ಇರಲಿಲ್ಲ. ಕಾರನ್ನು ದಾರಿಯ ನಡುವೆ ಬಿಟ್ಟು ಅವರ ಮನೆಯ ಮೆಟ್ಟಿಲು ಹತ್ತಿದೆ.

ಮೇಷ್ಟ್ರು ನನ್ನನ್ನು ನಂಬಲಿಲ್ಲ. ಪೆನ್ಸಿಲು ಕೇಳಿದರು. ಪರೀಕ್ಷೆಯ ಪೇಪರು ತಿದ್ದುವವರ ಹಾಗೆ ಹುಬ್ಬು ಗಂಟಿಕ್ಕಿ ಕ್ಯಾಲೆಂಡರಿನ ಅಂಚಿನಲ್ಲಿ ನಾನೂರ ತೊಂಬತ್ತೈದನ್ನು ಒಂದು ಪಾಯಿಂಟ್ ಆರರಿಂದ ಗುಣಿಸಿದರು. ಏಳುನೂರ ತೊಂಬತ್ತೆರಡು ಬಂತು. ಕೆಳಗಿನಿಂದ ಮೇಲಕ್ಕೆ ಇನ್ನೊಮ್ಮೆ ಗುಣಿಸಿದರು.

"ಮೂರು ದಿನ ಮೊದಲೇ ಮುಟ್ಟಿದ್ದೇನೆ. ಸಾಂತಿಯಾಗೊ ಬಂದು, ದಾಟಿ, ಮುಂದೆ ಹೋಗಿದ್ದೇನೆ." ಪೆನ್ಸಿಲು ಕೆಳಗಿಟ್ಟರು. "ಚಪ್ಪಲಿ ಕಳಚಲಿಲ್ಲ. ಮೊಣಕಾಲೂರಲಿಲ್ಲ. ಆ ದಿನ ಹತ್ತನೇ ಸುತ್ತಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಣಮೀನಿನ ಚಟ್ನಿ, ಮಾರಾಯ್ತಿ. ಗೊತ್ತಿಲ್ಲದೆ ಮುಟ್ಟಿದರೆ ಅದು ಮುಟ್ಟಿದ ಹಾಗಾ?"

ಓಡೋಡಿ ತಂದ ಸಂತೋಷ ನನ್ನ ಕೈಯಲ್ಲೇ ಆರಿಹೋಯಿತು. ಮೇಷ್ಟ್ರು ಹೀಗೆ ಕೇಳಿಯಾರೆಂದು ನಾನು ಎಣಿಸಿರಲಿಲ್ಲ. ನನಗೆ ಅವರ ದೇವರ ವ್ಯವಹಾರ ಗೊತ್ತಿರಲಿಲ್ಲ. ಏನಾದರೂ ಮಾತಾಡಬೇಕೆಂದು, ಲಿಲ್ಲಿಯ ಜ್ವರ ಇಳಿದದ್ದು ಯಾವಾಗ ಎಂದು ಕೇಳಿದೆ.

"ಮಧ್ಯಾಹ್ನ. ಹದಿನೆಂಟು ದಿನದಿಂದ ನಿದ್ದೆ ಇರಲಿಲ್ಲ, ಹರಕೆ ಹೇಳಿ ಅವಳ ಮಂಚದ ಹತ್ತಿರ ಕೂತವನು ಹಾಗೇ ಒರಗಿಬಿಟ್ಟೆ. ಎಚ್ಚರ ಆಗುವಾಗ ಅವಳು ಎದ್ದು ಕೂತು ಗಂಜಿ ಕೇಳ್ತಾ ಇದ್ದಳು. ಜ್ವರ ಯಾವಾಗ ಬಿಟ್ಟಿತು ಅಂತ ನನಗೆ ಇವತ್ತಿಗೂ..."

ಮೇಷ್ಟ್ರು ನನ್ನನ್ನು ನೋಡಿದರು, ನಾನು ಅವರನ್ನು. ಅವರ ಮುಖ ಸಡಿಲವಾಗುವುದು ನನಗೆ ಕಾಣುತ್ತಿತ್ತು.

"ಯಾಕೋಬರು ಕೊಟ್ಟದ್ದೂ ನಾನು ನಿದ್ದೆಯಲ್ಲಿದ್ದಾಗ," ಎಂದರು. "ಸರಿಯಾಯಿತು ಹಾಗಾದರೆ." ಕೊಡೆ ತರಿಸಿಕೊಂಡು ಚಿಪ್ಪಿನ ದಾರ ಬಿಗಿಯಾಗಿದೆಯೇ ಎಂದು ನೋಡಿದರು. ಇನ್ನು ಇದನ್ನು ಧರಿಸಲು ಅಡ್ಡಿಯಿಲ್ಲ ಎಂದರು. ಆಮೇಲೆ ಗಂಜಿ ಉಂಡರು.

ಮುಂದಿನ ಬೇಸಿಗೆಯಲ್ಲಿ ರಘುವಿಗೆ ಬೇರೆ ಕೆಲಸ ಸಿಕ್ಕಿ ನಾವು ಸ್ಯಾನ್ ಹೋಸೆಯ ಬೆರ್ರಿಯೆಸಾಕ್ಕೆ ಮನೆ ಬದಲಿಸಿದೆವು. ಅಷ್ಟರಲ್ಲಿ ನನಗೆ ಲೈಸೆನ್ಸ್ ಬಂದಿತ್ತು. ಹೊರಡುವ ದಿನ ಹೇಳಿ ಬರಲು ಹೋದೆ. ಮೇಷ್ಟ್ರು ಮೇಲಿನ ಬಾಲ್ಕನಿಯಲ್ಲಿ ಕೂತಿದ್ದರು. ಅವರ ಗ್ರೀನ್ ಕಾರ್ಡು ಹಿಂದಿನ ವಾರವಷ್ಟೇ ಬಂದಿತ್ತಂತೆ, ಇನ್ನು ಯಾವ ದೇಶಕ್ಕೆ ಬೇಕಾದರೂ ಹೋಗಿ ಬರಬಹುದು. ಮೊಣಕಾಲು ಮಾತ್ರ ಬಾಗಿಲವರೆಗೂ ಬಿಡುತ್ತಿರಲಿಲ್ಲ. ಒಂದು ವರ್ಷ ಮೊದಲು ಬರಬಾರದಿತ್ತೇ ಎಂದೆ.

"ಬಂದರೂ ಎಂತ ಮಾಡುವುದಿತ್ತು? ಹೋಗಿ ಆಯಿತಲ್ಲ," ಎಂದು ನಕ್ಕರು. "ನೀನು ಹುಷಾರಾಗಿ ಓಡಿಸು. ಬ್ರೇಕು ಮೆಲ್ಲ ಒತ್ತು."

ಕಾರು ಹತ್ತಿ ನೇರ ಗೇಟಿಗೆ ಹೋಗುವ ಬದಲು ಕಾಂಪೌಂಡಿನ ಸುತ್ತ ಒಂದು ಸುತ್ತು ಹಾಕಿದೆ. ತಿರುಗಿ ಬಂದು ಮೇಲೆ ನೋಡಿದರೆ ಮೇಷ್ಟ್ರು ಬಾಲ್ಕನಿಯ ಕಂಬಿಯ ಮೇಲೆ ಒಂದು ಕ್ಲಿಪ್ಪನ್ನು ಎಡದಿಂದ ಬಲಕ್ಕೆ ಸರಿಸುತ್ತಿದ್ದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಅದೇ.

ಆ ಚಳಿಗಾಲ ನ್ಯುಮೋನಿಯಾದಲ್ಲಿ ಹೋದರು. ಲಿಲ್ಲಿ ಫೋನು ಮಾಡಿದಳು. ಅವರು ಹೇಳಿದ್ದಂತೆ ಕೊಡೆಯನ್ನೂ ಕ್ಯಾಲೆಂಡರನ್ನೂ ಅವರ ಶವಪೆಟ್ಟಿಗೆಯಲ್ಲೇ ಇಟ್ಟು ಮಣ್ಣು ಮಾಡಿದ್ದಳು. "ಪಪ್ಪ ಯಾಕೆ ಅಷ್ಟು ನಡೀತಿದ್ದರು ಅಂತ ನಿಮಗೆ ಗೊತ್ತಿರಬೇಕು. ನನಗೆ ಎಕ್ಸರ್ಸೈಜು ಅಂತಿದ್ದರು, ಬಾರ್ಬರಾಗೆ ಸ್ಪೇನು ಅಂತಿದ್ದರು," ಎಂದಳು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿರಲಿಲ್ಲ. ಟೈಫಾಯ್ಡಿನಿಂದ ಹಿಡಿದು ಗುಣಾಕಾರದವರೆಗೆ ಎಲ್ಲವನ್ನೂ ಹೇಳಿದೆ.

"ಮೈಲಿ ಅಂತ ಹೇಳ್ಲಿಕ್ಕೆ ನನಗೆ ಹೊಳೆಯಲಿಲ್ಲ," ಎಂದಳು. "ಎರಡೂವರೆ ಸಾಕು ಅಂದವಳೇ ಆ ಕಾಲಿನಲ್ಲಿ ದಿನಕ್ಕೆ ನಾಲ್ಕು ಕಿಲೋಮೀಟರು ನಡೆಸಿದೆ ನಾನು. ಸರಿಯಾಗಿ ಹೇಳಿದ್ದರೆ ಆರೇ ಸುತ್ತಿಗೆ ನಿಲ್ಲಿಸ್ತಿದ್ದರು."

"ನಿಲ್ಲಿಸ್ತಿದ್ದರು ಲಿಲ್ಲಿ. ನಿಲ್ಲಿಸಿದ್ದರೆ ಕಾಲು ಊದಿದ ದಿನ ಲಿಯೋನಿನ ಹತ್ತಿರವೇ ಇರ್ತಿದ್ದರು. ಮುಟ್ಟಿಸಿದ್ದು ನೀವೇ."